ಹದಿನಾಲ್ಕನೇ ನಂಬರಿನ ಮೊಹರು

ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ಸೈರನ್ ಅಕ್ಕ ಎಂದು. ಗಂಟಲು ದೊಡ್ಡದು, ಅದೊಂದು ಕಾರಣ. ಇನ್ನೊಂದು, ಸೈರನ್ ಹೊಡೆಸುವುದೇ ಅವಳ ಕೆಲಸ. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಯಂತ್ರ ಅಲ್ಲಿ ತಯಾರಾಗುತ್ತಿತ್ತು. ಅದರ ಸರ್ಕ್ಯೂಟ್ ಬೋರ್ಡಿನ ಮೇಲೆ ಶಾಖ ಅಳೆಯಲು ಒಂದು ಭಾಗ, ಹೀಟರನ್ನು ನಡೆಸಲು ಒಂದು, ಶಾಖ ಮಿತಿಮೀರಿದರೆ ಕರೆಂಟು ಕಡಿದು ಕೂಗಲು ಬೇರೆಯೇ ಒಂದು. ಇಪ್ಪತ್ತೆರಡು ವರ್ಷ ಆಕೆ ಪ್ರತಿ ಬೋರ್ಡಿನಿಂದಲೂ ನಡೆಸುವ ಭಾಗವನ್ನು ಕಿತ್ತು, ಹೀಟರ್ ಕೆಂಪಗಾಗಲು ಬಿಟ್ಟು, ಕಾವಲಿನ ಭಾಗ ಕೂಗುತ್ತದೋ ಇಲ್ಲವೋ ನೋಡುತ್ತಿದ್ದಳು. ಕೂಗಿದರೆ ತನ್ನ ಹದಿನಾಲ್ಕನೇ ನಂಬರಿನ ಮೊಹರು; ಅದಿಲ್ಲದೆ ಮಾಲು ಗೇಟು ದಾಟುವಂತಿರಲಿಲ್ಲ. ಕೂಗದಿದ್ದರೆ ಬೋರ್ಡು ವಾಪಸ್, ಜೋಡಿಸಿದವಳಿಗೆ ಬೈಗುಳ.

ಹೊಸ ಮ್ಯಾನೇಜರ್ ಬಂದ. ಆ ಮೂರೂ ಭಾಗಗಳನ್ನು ಉಗುರಿನಷ್ಟು ಚಿಪ್ ಒಂದರೊಳಗೆ ತುರುಕಿದ ಬೋರ್ಡು ತಂದ. ಜೋಡಿಸುವ ಹೆಂಗಸರು ನಲವತ್ತರಿಂದ ಆರಕ್ಕಿಳಿದರು. ಅದಕ್ಕೂ ಆಕೆ ಜಗಳ ಕಾದಳು, ಸೋತಳು. ಆದರೆ ಚಿಪ್ ಬೇಡ ಎನ್ನಲಿಲ್ಲ. ಬೆಸುಗೆ ಬಿಡುವ ಕಾಟ ತಪ್ಪಿತು ಎಂದು ತಾನೇ ಒಪ್ಪಿದ್ದಳು. ಮೈ ಉರಿದದ್ದು, ಪರೀಕ್ಷೆಯ ಪಟ್ಟಿಯಿಂದ ತನ್ನ ಸಾಲನ್ನೇ ಹೊಡೆದುಹಾಕಿದ್ದನ್ನು ಕಂಡಾಗ. ಕಿತ್ತು ನೋಡಲು ಈಗ ಬೇರೆ ಭಾಗವೇ ಇಲ್ಲವಲ್ಲ.

ಹೊಸ ಬೋರ್ಡಿನ ಒಂದು ಯಂತ್ರ ಚಾಲೂ ಮಾಡಿ, ಚಿಮಟದ ತುದಿಯಿಂದ ಚಿಪ್‌ನ ಎರಡು ಕಾಲುಗಳನ್ನು ಒಟ್ಟಿಗೆ ಮುಟ್ಟಿಸಿದಳು. ಚಿಪ್ ಸತ್ತಿತು. ಹೀಟರ್ ಮಾತ್ರ ಉರಿಯುತ್ತಲೇ ಇತ್ತು, ಸದ್ದಿಲ್ಲ. ಕೂಸು ಮಲಗುವ ಹಾಸಿಗೆಯ ರಬ್ಬರ್ ಹಾಳೆ ಕಮಟು ವಾಸನೆ ಹೊಡೆಯತೊಡಗಿತು.

ಮ್ಯಾನೇಜರನನ್ನು ಕರೆದು ತೋರಿಸಿದಳು. ಆಸ್ಪತ್ರೆಯಲ್ಲಿ ಚಿಮಟ ಹಾಕುವವರು ಯಾರು ಎಂದು ಅವನು ನಕ್ಕ.

"ಒಂದು ಜಿರಳೆ ಹೊಕ್ಕರೂ ಸಾಕು ಸಾರ್."

"ಚಿಪ್ ತನ್ನನ್ನ ತಾನೇ ನೋಡ್ಕೊಳ್ಳುತ್ತಮ್ಮ. ನೀವು ಮೊಹರು ಒತ್ತಿ."

"ಸತ್ತೋನು ಎದ್ದು ಬಂದು ನಾನು ಸತ್ತೆ ಅಂತಾನಾ? ಒತ್ತಲ್ಲ."

ಮನೆಯಲ್ಲಿ ದರ್ಜಿ ಗಂಡ ಹೊಲಿಗೆಯಿಂದ ತಲೆ ಎತ್ತದೆ, ನಿನಗ್ಯಾಕೆ ಊರ ಉಸಾಬರಿ ಎಂದು ಗೊಣಗಿದ. ಕೂಸು ಬೆಂದರೆ ಅಲ್ಲಿರೋದು ನನ್ನ ನಂಬರು ಅಂದಳು.

ತಾನು ಮೊಹರು ಒತ್ತದಿದ್ದರೂ ಪೆಟ್ಟಿಗೆಗಳು ತುಂಬುತ್ತಿದ್ದವು; ನಾಲ್ಕನೆಯ ದಿನ ಅನುಮಾನ ಬಂದು ಪ್ಯಾಕಿಂಗ್ ಕೋಣೆಯಲ್ಲಿ ಒಂದು ಪೆಟ್ಟಿಗೆ ಬಿಚ್ಚಿದಳು. ಒಳಗಿನ ಬೋರ್ಡಿನ ಮೇಲೆ ಹದಿನಾಲ್ಕು. ಅವಳ ಮೊಹರು ಅವಳ ಕೈಚೀಲದಲ್ಲೇ ಇತ್ತು. ಹಲ್ಕಟ್ ಮಂದಿ ಅಂಥದ್ದೇ ಇನ್ನೊಂದನ್ನು ಮಾಡಿಸಿದ್ದರು.

ಈ ಸಲ ಆಕೆ ಕೂಗಾಡಲಿಲ್ಲ. ಉಳಿದಿದ್ದ ಆರು ಹೆಂಗಸರನ್ನು ಕರೆದಳು. ಏಳೂ ಜನ ದಪ್ಪ ಪೆನ್ನು ಹಿಡಿದು ಪ್ರತಿ ಪೆಟ್ಟಿಗೆಯ ಮೇಲೂ ಬರೆದರು: ಹದಿನಾಲ್ಕನೇ ನಂಬರಿನವಳು ಇದನ್ನು ನೋಡಿಲ್ಲ. ಚಿಪ್ ಕೆಟ್ಟರೆ ಇದು ಕೂಗುವುದಿಲ್ಲ, ಕೂಸನ್ನು ಸುಡುತ್ತದೆ. ಲೋಡು ಮಾಡಲು ಬಂದ ಲಾರಿ ಡ್ರೈವರ್ ಓದಿದ. ಹಗ್ಗ ಕೆಳಗೆ ಬಿಸಾಕಿ, ಇದನ್ನು ಬೇರೆ ಯಾರ ಕೈಲಾದರೂ ಹೊರಿಸಿಕೊಳ್ಳಿ ಎಂದು ಖಾಲಿ ಲಾರಿ ತಿರುಗಿಸಿದ.

ಸುದ್ದಿ ಆಸ್ಪತ್ರೆಗಳಿಗೆ ಮುಟ್ಟಿತು. ಅವರು ಕೇಳಿದ ಮೇಲೆ ಕಂಪನಿಗೆ ಬುದ್ಧಿ ಬಂತು. ಈಗ ಬೋರ್ಡಿನ ಮೂಲೆಯಲ್ಲಿ, ಚಿಪ್‌ನ ಹಂಗಿಲ್ಲದೆ ಕರೆಂಟು ಕಡಿದು ಕೂಗುವ ಭಾಗ ಮತ್ತೆ ಕೂತಿದೆ. ಅದನ್ನು ಪರೀಕ್ಷಿಸುತ್ತಿರುವವಳು ಬೇರೆ. ಕಂಪನಿಯ ಮಾಲು ಹಾಳು ಮಾಡಿದ ಆರೋಪದ ಮೇಲೆ ಸೈರನ್ ಅಕ್ಕ ಏಳು ತಿಂಗಳಿಂದ ಗೇಟಿನ ಹೊರಗಿದ್ದಾಳೆ. ಕಳ್ಳ ಮೊಹರು ಮಾಡಿಸಿದವನ ಮೇಲೆ ವಿಚಾರಣೆಯೇ ಇಲ್ಲ. ಅವನೀಗ ಎರಡು ಕಾರ್ಖಾನೆಗಳಿಗೆ ಮ್ಯಾನೇಜರ್.