ಹೊಳೆಯ ಮೇಲೆ ಸದ್ದು ಬೇಕೆಂದವಳು

ಬಾವಿಕಟ್ಟೆಯ ಕಡೆಯಿಂದ ಗಪ್ಪು ಕೂಗಿದ. ‘ಆಯೀ, ಬತ್ಯಾ?’

ನರ್ಮದಾ ಒಳಗೆ ಕಾಯಿ ತುರಿಯುತ್ತಿದ್ದಳು. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಕೈ ಒರೆಸಿಕೊಂಡು ಎದ್ದು, ಹಿಂಬಾಗಿಲಿನಿಂದ ಇಳಿದು ಹೋಗಿ ಮಗನ ಬೆನ್ನ ಹಿಂದೆ ನಿಂತಳು. ನಾಲ್ಕು ವರ್ಷದ ಹುಡುಗ ಬೆಚ್ಚಲಿಲ್ಲ. ಅವನಿಗೆ ತಿಳಿದಂತೆ ಅಮ್ಮಂದಿರು ಕರೆದರೆ ಓಗೊಡುವುದಿಲ್ಲ, ಸುಮ್ಮನೆ ಬಂದು ನಿಲ್ಲುತ್ತಾರೆ.

ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ಸುಮತಿ ಅಲ್ಲಿಂದಲೇ ಅಂದರು. ‘ಒಂದು ಮಾತು ಹೇಳಿದ್ರೆ ಮುತ್ತು ಉದುರ್ತಾ ಕೂಸೆ? ಮಾಣಿ ಗಂಟಲು ಹರಕಳ್ತಾ ಇದ್ದ.’

‘ಬಂದಾತಲ್ಲ ಅತ್ತೆ.’

ಹೊನ್ನಾವರದ ಆ ಮನೆಗೆ ನರ್ಮದಾ ಸೊಸೆಯಾಗಿ ಬಂದಾಗಿನಿಂದ ಹೀಗೇ ಇತ್ತು. ಅವಳ ಜನರ ಮಾತಿನಲ್ಲಿ ‘ಬತ್ತೆ’ ಎಂಬುದಕ್ಕೆ ಎರಡು ಕೆಲಸ. ಬರುತ್ತಿರುವವರು ‘ಬತ್ತೆ, ನಿಲ್ಲಿ’ ಎನ್ನಲೂ ಅದೇ ಮಾತು. ಹೊರಟವರು ‘ಹೋಗ್ತೆ’ ಎನ್ನಬಾರದೆಂದು ವಿದಾಯ ಹೇಳಲೂ ಅದೇ ಮಾತು. ನರ್ಮದಾ ಅದನ್ನು ಯಾವ ಅರ್ಥದಲ್ಲೂ ಬಾಯಿಗೆ ತರುತ್ತಿರಲಿಲ್ಲ. ನೆರೆಮನೆಯಿಂದ ಹೊರಡುವಾಗ ಒಮ್ಮೆ ತಲೆ ಆಡಿಸಿ ಇಳಿದುಬಿಡುತ್ತಿದ್ದಳು. ಕೇರಿಯವರು ಅದನ್ನು ಜಂಬ ಎಂದುಕೊಂಡಿದ್ದರು. ಗಂಡ ಹರಿಹರ, ಕಚೇರಿಯಲ್ಲಿ ಗುಮಾಸ್ತ, ಅದನ್ನು ಏನೂ ಅಂದುಕೊಂಡಿರಲಿಲ್ಲ.

1946ರ ಜನವರಿಯಲ್ಲಿ, ಪುಷ್ಯದ ಚಳಿ ಕಟ್ಟಿಕೊಂಡಾಗ, ಮಾವ ಮಹಾಗಣಪತಿ ಭಟ್ಟರು ಗೇರುಸೊಪ್ಪೆಗೆ ಹೋಗಬೇಕು ಎಂದರು. ಹೊಳೆಯ ಮೇಲೆಯೇ ಹೋಗಬೇಕು, ಮಂಜು ಇರುವಾಗಲೇ ಹೋಗಬೇಕು, ಮೊಮ್ಮಕ್ಕಳನ್ನು ಕರೆದುಕೊಂಡೇ ಹೋಗಬೇಕು. ಅವರು ಮೊದಲು ಮಾಸ್ತರಿಕೆ ಮಾಡಿದ್ದು ಗೇರುಸೊಪ್ಪೆಯಲ್ಲಿ. ಈಗ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮುಂದಿನ ಚಳಿಗಾಲಕ್ಕೆ ಮಂಜೂ ಬಿಸಿಲೂ ಒಂದೇ ಆಗಬಹುದು ಎಂದು ಅವರೇ ಹೇಳುತ್ತಿದ್ದರು.

‘ಮಂಜು ಏಳುದು ನೋಡಕ್ಕು ಮಕ್ಕೊ’ ಎಂದು ಏಳು ವರ್ಷದ ವತ್ಸಲೆಗೆ ವರ್ಣಿಸುತ್ತಿದ್ದರು. ‘ಮೊದಲು ತೆಂಗಿನ ತಲೆ ಕಾಣ್ತು, ಬುಡ ಇಲ್ಲೆ. ಮರ ಎಲ್ಲ ಆಕಾಶದಲ್ಲಿ ನೆಟ್ಟಹಾಂಗೆ.’

ದೋಣಿಯೋ ಲಾಂಚೋ ಎಂಬ ಪ್ರಶ್ನೆ ಎದ್ದದ್ದು ಆಮೇಲೆ. ಲಾಂಚು ಬೆಳಕು ಹರಿಯುವಾಗ ಹೊರಟು ಊಟದ ಹೊತ್ತಿಗೆ ಮುಟ್ಟಿಸುತ್ತಿತ್ತು. ಮೇಲೆ ಮಾಡು, ಕೂರಲು ಹಲಗೆ, ನಡುವೆ ಎಣ್ಣೆಯ ಎಂಜಿನು. ದೋಣಿ ಉಬ್ಬರದ ನೀರಿಗೆ ಕಾದು ಹೊರಡುತ್ತಿತ್ತು, ಚಾಪೆಯ ಮಾಡಿನ ಅಡಿಯಲ್ಲಿ ಮಲಗಿಯೂ ಹೋಗಬಹುದಿತ್ತು. ದೋಣಿಯ ದುರ್ಗ ಸುದ್ದಿ ತಿಳಿದು ತಾನೇ ಅಂಗಳಕ್ಕೆ ಬಂದ.

‘ಲಾಂಚಿನಲ್ಲಿ ಎಂತ ಅದೆ ಭಟ್ರೆ? ಹೊಗೆ ಕುಡುದು, ಕಿವುಡಾಗಿ ಇಳುದು. ನಮ್ಮ ದೋಣಿಲಾದ್ರೆ ನೀರೇ ತಕಂಡ್ ಹೋಗ್ತದೆ. ಅಮ್ಮ ಕಾಲು ಚಾಚಿ ಕೂತ್ಕಳ್ಲಿ.’

‘ನಿನ್ನ ದೋಣಿಲಿ ಕಾಲು ಚಾಚಿದ್ರೆ ನಿನ್ನ ಮೀನಿನ ಮಡಕೆಗೆ ತಾಗ್ತೋ ಮಾರಾಯ’ ಎಂದರು ಸುಮತಿ.

‘ಮಡಕೆ ಮನೆಲಿ ಬಿಟ್ ಬತ್ತೆ ಅಮ್ಮಾ. ನನ್ನ ಹೆಂಡ್ತಿನೂ ಬೇಕಾರೆ ಬಿಟ್ ಬತ್ತೆ.’

ಎಲ್ಲರೂ ನಕ್ಕರು. ಭಟ್ಟರು ಆಗಲೇ ದೋಣಿಗೆ ಮನಸ್ಸು ಕೊಟ್ಟಿದ್ದರು. ‘ಕಣ್ಣಂತೂ ಹೋತು. ಕಿವಿ ಇದ್ದು. ಯಾವ ತಿರುವಿನಲ್ಲಿ ನೀರು ಹೇಂಗೆ ಮಾತಾಡ್ತು ಹೇಳಿ ನಂಗೆ ಗೊತ್ತಿದ್ದು. ಲಾಂಚಿನಲ್ಲಿ ಎಂತ ಕೇಳ್ತು?’

‘ಲಾಂಚೇ ಆಗ್ಲಿ ಮಾವ’ ಎಂದಳು ನರ್ಮದಾ.

ಬಾಗಿಲ ಮರೆಯಿಂದ ಅಷ್ಟು ಗಟ್ಟಿಯಾಗಿ ಅವಳು ಎಂದೂ ಮಾತಾಡಿದವಳಲ್ಲ. ಹರಿಹರ ತಿರುಗಿ ನೋಡಿದ.

‘ಎಂತಕ್ಕೆ?’

‘ಮಕ್ಕೊ ಇದ್ದ. ಅತ್ತೆಗೆ ಸೊಂಟ ನೋವು. ಬೇಗ ಮುಟ್ತು.’

ಕಾರಣಗಳೆಲ್ಲ ಸರಿಯಾಗಿದ್ದವು. ಅವಳು ಹೊಳೆಯ ಮೇಲ್ಗಡೆಯ ಊರಿನವಳು. ಚಿಕ್ಕವಳಿದ್ದಾಗ ಅವಳ ಅಜ್ಜನೂ ತಮ್ಮನೂ ಅದೇ ಹೊಳೆಯಲ್ಲಿ ಹೋದವರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ದೋಣಿಯ ಭಯ ಸಹಜವೆಂದು ಭಟ್ಟರು ಲಾಂಚಿಗೆ ಒಪ್ಪಿದರು. ದುರ್ಗ ಒಂದು ಲೋಟ ಮಜ್ಜಿಗೆ ಕುಡಿದು ಹೋದ.

ಆದರೆ ನರ್ಮದಾಳಿಗೆ ಇದ್ದದ್ದು ದೋಣಿಯ ಭಯವಲ್ಲ. ಅವಳಿಗೆ ಬೇಕಾಗಿದ್ದದ್ದು ಎಂಜಿನಿನ ಸದ್ದು.

ಅವಳು ಒಂಬತ್ತರ ಹುಡುಗಿಯಾಗಿದ್ದಾಗ ಇಂಥದೇ ಒಂದು ಚಳಿಗಾಲದ ಬೆಳಿಗ್ಗೆ ಅಜ್ಜ ಇಬ್ಬರು ಮೊಮ್ಮಕ್ಕಳನ್ನು ಕಟ್ಟಿಕೊಂಡು ನೆಂಟರ ಮನೆಗೆ ದೋಣಿಯಲ್ಲಿ ಹೊರಟಿದ್ದರು. ದಂಡೆಗೆ ಬಂದ ಮೇಲೆ ಅವಳಿಗೆ ಶಾಲು ಮರೆತದ್ದು ನೆನಪಾಯಿತು. ಮನೆಗೆ ಓಡಿದಳು. ಓಡುತ್ತಲೇ ‘ಬತ್ತೆ!’ ಎಂದು ಕೂಗಿದಳು. ಅಜ್ಜನ ಕಿವಿ ಮಂದ. ಹುಡುಗಿ ಏನೆಂದಳು ಎಂದು ಮೊಮ್ಮಗನನ್ನು ಕೇಳಿದರು. ಆರು ವರ್ಷದ ಗಜಾನನ, ಅಕ್ಕ ‘ಬತ್ತೆ’ ಹೇಳಿತು ಎಂದ. ಹಿಂದಿನ ದಿನವೆಲ್ಲ ಅವಳು ಬರಲೊಲ್ಲೆನೆಂದು ಹಟ ಮಾಡಿದ್ದಳು. ಹಾಗಾಗಿ ಅಜ್ಜ ಅದನ್ನು ಅವಳ ವಿದಾಯವೆಂದೇ ತಿಳಿದು ದೋಣಿ ಬಿಡಿಸಿದರು.

ಅವಳು ಶಾಲು ಹಿಡಿದು ಮರಳಿದಾಗ ದಂಡೆಯ ಮೇಲೆ ಮಂಜು ಮಾತ್ರ ಇತ್ತು. ಅದರೊಳಗಿನಿಂದ ತಮ್ಮನ ಸ್ವರ ಬಂತು. ‘ಅಕ್ಕಾ, ಬತ್ಯಾ?’ ಅವಳು ‘ಬತ್ತೆ, ಬತ್ತೆ’ ಎಂದು ನೀರಿನಲ್ಲಿ ಮೊಣಕಾಲಿನವರೆಗೆ ಇಳಿದಳು. ಅವನು ಮತ್ತೆ ಕೇಳಿದ. ಅವಳು ಮತ್ತೆ ಹೇಳಿದಳು. ಪ್ರತಿ ಸಲವೂ ಸ್ವರ ಸಣ್ಣದಾಯಿತು.

ದೋಣಿ ಮೇಲಿನ ತಿರುವಿನಲ್ಲಿ ಮುಳುಗಿದ್ದ ಮರವೊಂದಕ್ಕೆ ಬಡಿದು ಮಗುಚಿತ್ತು. ದೋಣಿಯವನು ಈಜಿ ದಂಡೆ ಸೇರಿದ; ಅಜ್ಜ ಕೇಳಿದ್ದನ್ನೂ ತಮ್ಮ ಹೇಳಿದ್ದನ್ನೂ ಆಮೇಲೆ ತಿಳಿಸಿದವನು ಅವನೇ. ಅಜ್ಜನ ದೇಹ ಸಿಕ್ಕಿತು. ಗಜಾನನ ಸಿಗಲಿಲ್ಲ.

ಅಂದಿನಿಂದ ಚಳಿ ಬಿದ್ದರೆ ನರ್ಮದಾ ಹೊಳೆಯ ಕಡೆಯ ಕಿಟಕಿ ಮುಚ್ಚುತ್ತಿದ್ದಳು. ಮಂಜಿನ ಬೆಳಗುಗಳಲ್ಲಿ ತಮ್ಮ ‘ಅಕ್ಕಾ, ಬತ್ಯಾ?’ ಎಂದು ಕೇಳುತ್ತಿದ್ದ. ಹೆದರಿಸುವ ಸ್ವರವಲ್ಲ, ದೂರುವ ಸ್ವರವೂ ಅಲ್ಲ. ಬರುತ್ತೇನೆಂದವರನ್ನು ಕಾಯುವ ಮಗುವಿನ ಸ್ವರ. ಮಾತು ಕೊಟ್ಟವಳು ತಾನು ಎಂಬುದು ಅವಳಿಗೆ ಗೊತ್ತಿತ್ತು. ಇನ್ನೊಮ್ಮೆ ಆ ಮಾತು ಆಡಿದರೆ ಹೋಗಲೇಬೇಕಾಗುತ್ತದೆ ಎಂದೂ, ಒಬ್ಬಳೇ ಹೋಗುವುದಾಗಲಿಕ್ಕಿಲ್ಲವೆಂದೂ ಅವಳು ನಂಬಿದ್ದಳು. ತೊಡೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಆ ತಿರುವನ್ನು ದಾಟಬೇಕಾಗಿ ಬಂದಾಗ, ಏನೂ ಕೇಳಿಸದಂತೆ ದಾಟಬೇಕಿತ್ತು.

ಹೊರಟ ದಿನ ಮಂಜು ದಟ್ಟವಾಗಿತ್ತು. ಲಾಂಚಿನಲ್ಲಿ ನರ್ಮದಾ ಎಂಜಿನಿನ ಪಕ್ಕದ ಹಲಗೆಯನ್ನೇ ಹಿಡಿದಳು. ‘ಅಲ್ಲಿ ಎಣ್ಣೆ ಹಾರ್ತು, ಸೀರೆ ಹಾಳಾಗ್ತು’ ಎಂದರು ಸುಮತಿ. ಅವಳು ಏಳಲಿಲ್ಲ. ಗಪ್ಪು ಕಂಬಳಿಯೊಳಗಿಂದ ಮೂಗು ಮಾತ್ರ ಹೊರಗಿಟ್ಟಿದ್ದ. ವತ್ಸಲೆ ಅಜ್ಜನ ಕಣ್ಣಾಗಿ ಕೂತಿದ್ದಳು.

‘ಅಜ್ಜಾ, ತೆಂಗಿನ ಮರ ಬಂತು. ಬುಡ ಇಲ್ಲೆ.’

‘ಹೇಳಿದ್ನಲ್ಲ.’ ಮುದುಕನಿಗೆ ಸಂತೋಷವಾಯಿತು. ‘ಈ ಗಡಗಡ ಒಂದಿಲ್ಲದಿದ್ರೆ ಬಾಕಿದು ನಾನೇ ಹೇಳ್ತಿದ್ದೆ.’

ಸುಮತಿ ತಂಬಿಗೆಯಿಂದ ಕಷಾಯ ಬಗ್ಗಿಸಿ ಕೊಟ್ಟರು. ಬಿಸಿಲು ಎಲ್ಲೋ ಮೇಲೆ ಇತ್ತು, ಹೊಳೆಗೆ ಇಳಿದಿರಲಿಲ್ಲ. ನರ್ಮದಾ ದಂಡೆಯ ಕಡೆ ನೋಡಲಿಲ್ಲ. ಆದರೂ ತವರೂರಿನ ದೋಣಿ ನಿಲ್ಲುವ ಧಕ್ಕೆ ಹಿಂದಾಯಿತೆಂಬುದು ಅವಳಿಗೆ ತಿಳಿಯಿತು. ಇನ್ನು ಮುಂದಿನದು ಆ ತಿರುವು.

ಎಂಜಿನು ಎರಡು ಸಲ ಕೆಮ್ಮಿ ನಿಂತಿತು.

‘ಎಂತಾತೋ ಶುಕ್ರ?’ ಎಂದ ಹರಿಹರ.

ಲಾಂಚು ನಡೆಸುವ ಶುಕ್ರ ಹಿಂದಕ್ಕೆ ಬಗ್ಗಿ ನೋಡಿದ. ‘ಯಾರೋ ಬಲೆ ಬಿಟ್ಟೀರು ಒಡ್ಯಾ. ಪಂಖಕ್ಕೆ ಸುತ್ತಕಂಡದೆ. ಹೆದ್ರುಕೆ ಬ್ಯಾಡ, ಕುಯ್ದು ತೆಗಿತೆ.’ ಅವನು ಬಿದಿರ ಗಳ ಊರಿ ಲಾಂಚನ್ನು ನಿಲ್ಲಿಸಿ, ಕತ್ತಿ ಕಚ್ಚಿಕೊಂಡು ನೀರಿಗಿಳಿದ.

ಸದ್ದು ಹೋದ ಮೇಲೆ ಹೊಳೆ ದೊಡ್ಡದಾಯಿತು. ಗಳಕ್ಕೆ ತಾಗಿ ಹರಿಯುವ ನೀರಿನ ಸಪ್ಪಳ, ಮಾಡಿನಿಂದ ಹನಿ ಬೀಳುವ ಸಪ್ಪಳ. ನರ್ಮದಾ ಕಂಬಳಿಯನ್ನು ಗಪ್ಪುವಿನ ತಲೆಯ ಮೇಲೆ ಎಳೆದಳು.

ವತ್ಸಲೆ ತಲೆಯೆತ್ತಿದಳು. ‘ಆಯಿ, ಯಾರೋ ಕರೀತಾ ಇದ್ದ.’

‘ಇಲ್ಲೆ.’

‘ಇದ್ದ’ ಎಂದರು ಭಟ್ಟರು. ಅವರ ಮುಖ ಸ್ವರ ಬಂದ ಕಡೆ ತಿರುಗಿತ್ತು. ‘ಸಣ್ಣ ಮಾಣಿ. ಬತ್ಯಾ ಹೇಳಿ ಕೇಳ್ತಾ ಇದ್ದ.’

ನೀರಿನಿಂದ ಶುಕ್ರ ಹೇಳಿದ. ‘ಆಚೆ ದಂಡೆ ಹುಡುಗ್ರು ಭಟ್ರೆ. ಹೊಳೆ ದಾಟುಕೆ ದೋಣಿ ಕರೀತ್ರು.’ ಇದ್ದರೂ ಇರಬಹುದು. ಆಚೆ ದಂಡೆ ಯಾರಿಗೂ ಕಾಣುತ್ತಿರಲಿಲ್ಲ.

ಮತ್ತೆ ಬಂತು. ಈ ಸಲ ನರ್ಮದಾಳಿಗೆ ಇಲ್ಲವೆನ್ನಲು ಆಗಲಿಲ್ಲ. ಇಷ್ಟು ಕಾಲ ಅದು ತನ್ನೊಬ್ಬಳ ಕಿವಿಯದು ಎಂಬ ಒಂದು ಧೈರ್ಯವಿತ್ತು. ಈಗ ಅವಳ ಮಗಳೂ ಕೇಳಿದ್ದಳು. ಗಪ್ಪು ಕಂಬಳಿ ಸರಿಸಿ, ಕರೆದವರಿಗೆ ಓಗೊಡಲು ಬಾಯಿ ತೆರೆದ. ನಾಲ್ಕು ವರ್ಷದ ಹುಡುಗ ಹೇಳುವುದು ಒಂದೇ ಮಾತು, ‘ಬತ್ತೆ’.

ಅವಳು ಅಂಗೈಯಿಂದ ಅವನ ಬಾಯಿ ಮುಚ್ಚಿ ಎದ್ದು ನಿಂತಳು. ಲಾಂಚು ಸ್ವಲ್ಪ ವಾಲಿತು.

‘ಬತ್ತಿಲ್ಲೆ’ ಎಂದಳು.

ಬರುವುದಿಲ್ಲ ಎಂಬುದು ಹೊಳೆಯ ಮೇಲೆ, ಪ್ರಯಾಣದ ನಡುವೆ, ಯಾರೂ ಆಡದ ಮಾತು. ಸುಮತಿ ‘ಕೂಸೆ!’ ಎಂದು ಅವಳ ಸೆರಗು ಹಿಡಿದೆಳೆದರು. ಹರಿಹರ ಏನೋ ಕೇಳಹೊರಟ. ಭಟ್ಟರು ಕೈಯೆತ್ತಿ ಇಬ್ಬರನ್ನೂ ತಡೆದರು. ಸ್ವಲ್ಪ ಹೊತ್ತು ಆಲಿಸಿದರು.

‘ಇನ್ನೊಂದ್ಸಲ ಹೇಳು ತಂಗಿ’ ಎಂದರು. ‘ಅವ ದೂರ ಇದ್ದ.’

ನರ್ಮದಾ ಗಟ್ಟಿಯಾಗಿ ಕೂಗಿದಳು. ‘ಗಜೂ, ನಾ ಬತ್ತಿಲ್ಲೆ. ನೀ ಕಾಯಡ.’

ಕಾಯಬೇಡ ಎಂಬವರೆಗೂ ಮಾತು ಪೂರ್ತಿಯಾಯಿತು. ಮಂಜು ಅದನ್ನು ತೆಗೆದುಕೊಂಡಿತು. ಆಚೆಯಿಂದ ಏನೂ ಬರಲಿಲ್ಲ. ಕೇಳಿಸಿತೋ ಇಲ್ಲವೋ ಎಂದು ತಿಳಿಯುವ ದಾರಿ ಇರಲಿಲ್ಲ. ಅವಳ ಕೈ ಸಡಿಲವಾದಾಗ ಗಪ್ಪು ಕೇಳಿದ. ‘ಆಯಿ, ಎಲ್ಲಿಗೆ ಬತ್ತಿಲ್ಲೆ?’

ಸುಮತಿ ಸೆರಗು ಬಿಟ್ಟು ಮೊಮ್ಮಗನನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಶುಕ್ರ ಹರಿದ ಬಲೆಯ ಮುದ್ದೆಯೊಂದನ್ನು ಮೇಲಕ್ಕೆಸೆದು ನಡುಗುತ್ತ ಹತ್ತಿ ಬಂದ. ಎಂಜಿನು ಮೂರನೆಯ ಎಳೆತಕ್ಕೆ ಹೊತ್ತಿಕೊಂಡಿತು. ತಿರುವು ದಾಟುವಾಗ ನರ್ಮದಾ ನಿಂತೇ ಇದ್ದಳು.

ಗೇರುಸೊಪ್ಪೆಯಲ್ಲಿ ಭಟ್ಟರ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಉಳಿದರು. ಮರುದಿನ ಬೆಳಿಗ್ಗೆ ಲಾಂಚು ಹೊರಡುವಾಗ ನರ್ಮದಾ ಮಕ್ಕಳನ್ನು ಎಬ್ಬಿಸಲಿಲ್ಲ. ಮಧ್ಯಾಹ್ನ ನೀರು ಇಳಿಯತೊಡಗಿದಾಗ ಆರೂ ಜನ ಸದ್ದಿಲ್ಲದ ದೋಣಿಯಲ್ಲಿ ಹೊನ್ನಾವರಕ್ಕೆ ಹೊರಟರು.