ಬಾಯಿಗೆ ಬಾರದ ಹೆಸರು

ಕಳೆದ ವಾರ ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದೆ. ನಮ್ಮ ಹೊಂಬಳದಲ್ಲಿ ಟಪಾಲು ಹಂಚುವ ರೇಷ್ಮಾ ಬಂದು ಸೈಕಲ್ಲು ನಿಲ್ಲಿಸಿದಳು. ಕೈಯಲ್ಲೊಂದು ಲಕೋಟೆ. ದಿನಾ ನನ್ನ ಸೊಸೆಯನ್ನು ‘ಭಾಗ್ಯಕ್ಕಾ’ ಎಂದು ಕರೆಯುವ ಹುಡುಗಿ ಅಂದು ಲಕೋಟೆಯ ಮೇಲಿದ್ದ ಹೆಸರನ್ನೇ ಓದಿ ಕೂಗಿದಳು.

“ಗಿರಿಜಾ ಅದಾರೇನ್ರಿ?”

“ಆಕಿ ಸತ್ತು ಮೂವತ್ತ ವರ್ಷ ಆತು,” ಎಂದೆ. “ಈಗ ಬಂತೇನು ಆಕಿ ಪತ್ರ?”

ಹುಡುಗಿ ನನ್ನ ಮುಖ ನೋಡಿದಳು, ಲಕೋಟೆ ನೋಡಿದಳು. “ಆಯಿ, ಇದು ನಿಮ್ಮ ಸೊಸಿ ಆಧಾರ್ ಕಾರ್ಡ್ರಿ. ಹೆಸರು ತಿದ್ದಿ ಬಂದೈತಿ.”

ನೀವು ನಗಬಹುದು. ರೇಷ್ಮಾ ನಗಲಿಲ್ಲ. ಲಕೋಟೆಯನ್ನು ಶೇಂಗಾದ ಮೊರದ ಪಕ್ಕದಲ್ಲಿಟ್ಟು, ಸೈಕಲ್ಲು ಹತ್ತದೆ ತಳ್ಳಿಕೊಂಡೇ ಹೋದಳು. ಯಾಕೆ ನಗಲಿಲ್ಲ ಎಂದು ಹೇಳಬೇಕಾದರೆ ನನ್ನ ಅತ್ತೆಯಿಂದ ಶುರುಮಾಡಬೇಕು.

ನನ್ನ ಅತ್ತೆಯ ಹೆಸರು ಗಿರಿಜವ್ವ. ಬರೆದರೆ ದೋಷವಿಲ್ಲ, ಬಾಯಿಂದ ಆಡಿದರಷ್ಟೇ ದೋಷ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಇಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಸೊಸೆಯಾದವಳು ಗಂಡನ ಹೆಸರು, ಅತ್ತೆಯ ಹೆಸರು ಹೇಳುವುದಿಲ್ಲ. ಗಂಡನ ಹೆಸರಿಗಾದರೆ ಒಡಪಿನ ದಾರಿಯಿದೆ. ಹಾಡಿನಂತೆ ನಾಲ್ಕು ಮಾತು ಕಟ್ಟಿ, ಕೊನೆಯಲ್ಲಿ ಹೆಸರು ಸೇರಿಸಿ ಹೇಳಿ, ಎಲ್ಲರೂ ನಕ್ಕು ಮುಗಿಸುತ್ತಾರೆ. ಅತ್ತೆಯ ಹೆಸರಿಗೆ ಯಾರೂ ಒಡಪು ಕಟ್ಟಿಲ್ಲ. ಕಟ್ಟುವಷ್ಟು ಪ್ರೀತಿ ಯಾರಿಗೆ ಬಂದೀತು?

ನನ್ನ ಹೆಸರನ್ನೂ ಮದುವೆಯ ದಿನವೇ ಬದಲಿಸಿದ್ದರು. ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸಿದರು. ತವರಿನ ಹೆಸರು ಆ ಅಕ್ಕಿಯ ಜೊತೆಗೇ ಬೆಂದು ಹೋಯಿತು. ಈಗ ಸಂತೆಯಲ್ಲಿ ಯಾರಾದರೂ ಆ ಹೆಸರು ಹಿಡಿದು ಕರೆದರೆ ನಾನು ತಿರುಗಿಯೂ ನೋಡುವುದಿಲ್ಲ. ಅದೇನು ದೊಡ್ಡ ದುಃಖವೆಂದು ನನಗೆ ಯಾವತ್ತೂ ಅನಿಸಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಒಂದು ಹೆಸರಾದರೇನು, ಇನ್ನೊಂದಾದರೇನು.

ಅದೇ ಬುದ್ಧಿಯಿಂದ ನನ್ನ ಸೊಸೆಯ ಹೆಸರನ್ನೂ ಬದಲಿಸಿದೆ. ಮುಂಡರಗಿಯ ಕಡೆಯ ಹುಡುಗಿ. ನೋಡಲು ಹೋದಾಗ ಅವರಪ್ಪ ಚಹಾ ಕೊಡುವ ಮೊದಲು ಹತ್ತನೆಯ ಮಾರ್ಕ್ಸ್‌ಕಾರ್ಡು ತಂದು ತೋರಿಸಿದ್ದ. “ಶಾಲಿಗೇ ಫಸ್ಟ್ ಬಂದಾಳ್ರಿ ನಮ್ಮ ಗಿರಿಜಾ.” ನನಗೆ ಮಾರ್ಕ್ಸು ಕಾಣಲಿಲ್ಲ, ಹೆಸರು ಕೇಳಿಸಿತು. ಆ ಹೆಸರು ಹಿಡಿದು ಸೊಸೆಯನ್ನು ಬೈಯುವುದು ಹೇಗೆ? ಬೈಯದೆ ಸೊಸೆಯನ್ನು ಇಟ್ಟುಕೊಳ್ಳುವುದಾದರೂ ಹೇಗೆ? ಮದುವೆಯ ದಿನ ಅಯ್ಯನವರಿಗೆ ಹೇಳಿ ಅಕ್ಕಿಯಲ್ಲಿ ‘ಭಾಗ್ಯಶ್ರೀ’ ಎಂದು ಬರೆಸಿದೆ. ಎಂಥ ಭಾಗ್ಯ ಬಂತೆಂದು ಕೇಳಬೇಡಿ. ನನ್ನ ಮಗ ಎಂಟು ವರ್ಷದ ಹಿಂದೆ ಮುಳಗುಂದದ ದಾರಿಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರಿನ ಅಡಿಗೆ ಸಿಕ್ಕು ಸತ್ತ. ಅದರ ಬಗ್ಗೆ ಇಷ್ಟು ಸಾಕು.

ಅವನಿದ್ದಾಗಲೇ ಇನ್ನೊಂದು ಕೆಲಸ ಮಾಡಿದ್ದೆ. ಊರಿನ ಶಾಲೆಯಲ್ಲಿ ಆಧಾರ್ ಮಾಡಲು ಬಂದಿದ್ದರು. ಸರದಿಯಲ್ಲಿ ನಿಂತಾಗ ಸೊಸೆ ನನ್ನ ಸೆರಗು ಜಗ್ಗಿ ಮೆಲ್ಲಗೆ ಹೇಳಿದಳು: “ಅತ್ತೀ, ಮಾರ್ಕ್ಸ್‌ಕಾರ್ಡಿನ್ಯಾಗ ಇದ್ದ ಹೆಸರ ಬರಸ್ಲೇನ್ರಿ? ಮುಂದ ಎದಕ್ಕರ ಬೇಕಾದೀತು.”

“ಮುಂದ ನೀ ಏನ ಸಾಹೇಬ ಆಗಾಕಿ ಅದಿಯೇನ? ನಮ್ಮ ಮನ್ಯಾಗ ಕರಿಯೂ ಹೆಸರ ಬರಸು,” ಎಂದೆ. ಹಿಂದೆ ನಿಂತಿದ್ದ ಹೆಂಗಸರು ನಕ್ಕರು. ನಗಿಸಿದೆನೆಂದು ನನಗೂ ಹಿಗ್ಗಾಯಿತು.

ಮಗ ಹೋದ ಮೇಲೆ ಸೊಸೆ ಗದಗಿನ ಒಂದು ಖಾನಾವಳಿಗೆ ರೊಟ್ಟಿ ಬಡಿಯಲು ಹೋಗತೊಡಗಿದಳು. ಬೆಳಿಗ್ಗೆ ಆರರ ಬಸ್ಸು. ಮುನ್ನೂರು ಜೋಳದ ರೊಟ್ಟಿ ಬಡಿದು ಬೇಯಿಸಿ, ಮಧ್ಯಾಹ್ನದ ಬಸ್ಸಿಗೆ ಮರಳಿ ಬರುವುದು. ಅಷ್ಟು ರೊಟ್ಟಿಯ ವಾಸನೆ ಕುಡಿದವಳಿಗೆ ಅಲ್ಲಿ ತುತ್ತು ಇಳಿಯುವುದಿಲ್ಲವಂತೆ. ಮನೆಯಿಂದ ಮೊಸರನ್ನದ ಬುತ್ತಿ ಒಯ್ಯುತ್ತಾಳೆ. ಹಂಚಿನ ಕಾವಿಗೆ ಅವಳ ಬೆರಳ ತುದಿಗಳು ಸವೆದು ನುಣ್ಣಗಾಗಿವೆ.

ನಾಲ್ಕು ವರ್ಷದ ಹಿಂದೆ ನಮ್ಮೂರ ಅಂಚೆ ಕಚೇರಿಗೆ ಜನ ಬೇಕೆಂದು ಸುದ್ದಿ ಬಂತು. ಪರೀಕ್ಷೆಯಿಲ್ಲ, ಹತ್ತನೆಯ ಮಾರ್ಕ್ಸ್ ನೋಡಿಯೇ ತೆಗೆದುಕೊಳ್ಳುತ್ತಾರೆ ಎಂದರು. ಸೊಸೆ ಗದಗಿನಲ್ಲೇ ಅರ್ಜಿ ತುಂಬಿಸಿ ಬಂದು ನನಗೆ ಹೇಳಿದಳು, ಒಪ್ಪಿಗೆ ಕೇಳಲಿಲ್ಲ. ಸೈಕಲ್ಲು ಹೊಡೆಯಲು ಬರಬೇಕೆಂದು ಅರ್ಜಿಯಲ್ಲಿ ಇತ್ತಂತೆ. ತನ್ನ ಮಗಳಿಗೆ, ಅಂದರೆ ನನ್ನ ಮೊಮ್ಮಗಳಿಗೆ, ಶಾಲೆಯಲ್ಲಿ ಕೊಟ್ಟ ಸೈಕಲ್ಲು ತೆಗೆದುಕೊಂಡು, ಸುಗ್ಗಿ ಮುಗಿದ ಕಣದಲ್ಲಿ, ಮೂವತ್ತೈದರ ಹೆಂಗಸು ಬಿದ್ದು ಎದ್ದು ಕಲಿತಳು. ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡು ಬಂದವಳಿಗೆ, “ಸರ್ಕಸ್ ಕಂಪನಿ ಸೇರಾಕಿ ಏನ?” ಎಂದೆ. ಅವಳೂ ನಕ್ಕಳು. ಆ ದಿನಗಳಲ್ಲಿ ನಗುತ್ತಿದ್ದಳು.

ಪಟ್ಟಿ ಬಂತು. ಹೊಂಬಳಕ್ಕೆ ಅವಳ ಹೆಸರೇ. ಮಾರ್ಕ್ಸ್‌ಕಾರ್ಡಿನಲ್ಲಿದ್ದ ಹೆಸರು. ಕಾಗದಪತ್ರ ತೋರಿಸಲು ಹೋದಾಗ ಸಿಕ್ಕಿಬಿತ್ತು: ಮಾರ್ಕ್ಸ್‌ಕಾರ್ಡು ಗಿರಿಜಾ, ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಎಲ್ಲ ಭಾಗ್ಯಶ್ರೀ. ಅಲ್ಲಿದ್ದ ಅಧಿಕಾರಿ ಸಿಟ್ಟೇನೂ ಮಾಡಲಿಲ್ಲ. ಇಬ್ಬರೂ ಒಬ್ಬರೇ ಎನ್ನುವುದಕ್ಕೆ ವಕೀಲರಿಂದ ಅಫಿಡವಿಟ್ ಮಾಡಿಸಿಕೊಂಡು ಬನ್ನಿ ಎಂದು ಹದಿನೈದು ದಿನ ಕೊಟ್ಟ.

ಮನೆಯ ಹಿರಿಯಳೆಂದು ನಾನೇ ಜೊತೆಗೆ ಹೋದೆ. ವಕೀಲ ಕಾಗದ ಬರೆದು ಮುಗಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದ:

“ಯಮ್ಮಾ, ಈಕಿ ಯಾರು?”

“ನನ್ನ ಸೊಸಿ, ಭಾಗ್ಯಶ್ರೀ.”

“ಲಗ್ನಕ್ಕಿಂತ ಮೊದಲ ಈಕಿ ಹೆಸರೇನಿತ್ತು?”

ನಾನು ಸೆರಗು ಸರಿಮಾಡಿಕೊಂಡೆ.

“ಹೇಳ್ರಿ. ನಿಮ್ಮ ಬಾಯಿಲೆ ಹೇಳಬೇಕು.”

“ಕಾಗದದಾಗ ಬರದೀರಲ್ಲ. ಸಹಿ ಮಾಡ್ತೀನಿ, ಕೊಡ್ರಿ.”

“ಅದರಾಗೇನ ಬರದೈತಿ ಅಂತ ನಿಮಗ ಗೊತ್ತೈತೋ ಇಲ್ಲೋ?”

ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು. “ಅತ್ತೀ, ಒಂದ ಸಲ ಅನ್ರಿ,” ಎಂದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. ವಕೀಲ ಪೆನ್ನಿನ ಮುಚ್ಚಳ ಹಾಕಿದ. “ಅಜ್ಜಿಗೆ ಮನಸಿಲ್ಲ. ನಾಳೆ ನನಗ ಗೊತ್ತಿರಲಿಲ್ಲ ಅಂದ್ರ ನನ್ನ ಕುತ್ತಿಗಿಗೆ ಬರ್ತೈತಿ. ಬ್ಯಾರೆ ಯಾರನರ ಕರಕೊಂಡ ಬರ್ರಿ ತಂಗಿ.”

ಬೇರೆ ಯಾರಿದ್ದರು? ಅವಳ ಅಪ್ಪ ಸತ್ತಿದ್ದ. ಅಣ್ಣ ಕಬ್ಬು ಕಡಿಯಲು ದೂರದೂರಿಗೆ ಹೋಗಿದ್ದ. ಅವನು ಬಂದು, ಕಾಗದ ಮಾಡಿಸಿ, ಕಚೇರಿ ಮುಟ್ಟಿಸುವ ಹೊತ್ತಿಗೆ ಹದಿನೈದು ದಿನ ಕಳೆದು ಮೇಲೆ ಒಂದು ವಾರವಾಗಿತ್ತು. ಪಟ್ಟಿಯಲ್ಲಿ ಮುಂದಿನ ಹೆಸರಿನವಳಿಗೆ ನೌಕರಿ ಹೋಯಿತು. ಅವಳೇ ರೇಷ್ಮಾ, ಲಕ್ಷ್ಮೇಶ್ವರದ ಹುಡುಗಿ. ನಮ್ಮ ಓಣಿಯಲ್ಲೇ ಬಾಡಿಗೆ ಖೋಲಿ ಹಿಡಿದಳು.

ಅವತ್ತು ಯಾಕೆ ಬಾಯಿ ಬಿಡಲಿಲ್ಲ ಎಂದು ನೀವು ಕೇಳುತ್ತೀರಿ. ರೂಢಿ ಎಂದು ಊರಿಗೆಲ್ಲ ಹೇಳಿದ್ದೇನೆ. ಅದು ಅರ್ಧ ಮಾತು. ಇನ್ನರ್ಧ ಇಲ್ಲಿ ಹೇಳುತ್ತೇನೆ. ಆ ಖುರ್ಚಿಯ ಮೇಲೆ ನನ್ನ ಕಣ್ಣೆದುರು ಒಬ್ಬಳು ಗಿರಿಜಾ ಕುಳಿತಿದ್ದಳು. ನಾಳೆ ಇದೇ ಊರಲ್ಲಿ ಸರಕಾರದ ಖುರ್ಚಿಯ ಮೇಲೆ ಕೂರುವವಳು. ಒಬ್ಬ ಗಿರಿಜವ್ವನ ಕೈಯಲ್ಲಿ ಹದಿನೆಂಟು ವರ್ಷ ಬಾಳಿದವಳು ನಾನು. ಇನ್ನೊಬ್ಬಳ ಕೈಯಲ್ಲಿ ಮುದುಕಿಯಾಗಿ ಬಾಳಬೇಕೇನು ಎಂದು ಒಂದು ಗಳಿಗೆ ಅನಿಸಿತು. ಒಂದೇ ಗಳಿಗೆ. ಅಷ್ಟರಲ್ಲಿ ವಕೀಲ ಪೆನ್ನು ಮುಚ್ಚಿದ್ದ.

ಸೊಸೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮರುದಿನ ಆರರ ಬಸ್ಸಿಗೆ ಹೋದಳು. ಜಗಳಾಡಿದ್ದರೆ ನಾನೂ ಜಗಳಾಡಿ ಮುಗಿಸುತ್ತಿದ್ದೆ. ಜಗಳದಲ್ಲಿ ನನ್ನನ್ನು ಗೆದ್ದವರು ಓಣಿಯಲ್ಲಿಲ್ಲ. ಆಡದೆ ಬಿಟ್ಟ ಮಾತಿಗೆ ನಾನು ಏನು ಉತ್ತರ ಕೊಡಲಿ?

ಈ ವರ್ಷ ಮತ್ತೆ ಅರ್ಜಿ ಕರೆದಿದ್ದನ್ನು ಹೇಳಿದವಳು ರೇಷ್ಮಾನೇ. “ಆಯಿ, ಭಾಗ್ಯಕ್ಕಗ ಹಾಕಸ್ರಿ. ನಮ್ಮೂರಾಗ ಜಾಗಾ ಇಲ್ಲ, ಕಳಸಾಪುರದಾಗ ಐತಿ. ಬರೂ ವರ್ಷ ಅಕ್ಕಗ ನಲವತ್ತು ದಾಟತೈತಿ, ಆಮ್ಯಾಲ ಕಂಪ್ಯೂಟರ ಅರ್ಜಿನ ತಗೊಳ್ಳಂಗಿಲ್ಲ.” ಹೇಳುವಾಗ ಅವಳ ಕಣ್ಣು ನೆಲದ ಮೇಲಿತ್ತು. ತಪ್ಪು ಮಾಡಿದವಳು ಅವಳಲ್ಲ, ಆದರೂ.

ಅಣ್ಣ ಮಾಡಿಸಿದ ಹಳೆಯ ಕಾಗದ ಹಿಡಿದು ಮೊದಲು ಆಧಾರ್ ತಿದ್ದಿಸಲು ಹೋದೆವು. ಯಂತ್ರದ ಮೇಲೆ ಸೊಸೆ ಬೆರಳಿಟ್ಟರೆ ಗೆರೆಯೇ ಮೂಡಲಿಲ್ಲ. ಒರೆಸಿ, ಒತ್ತಿ, ಏಳೆಂಟು ಸಲ ಮಾಡಿಸಿ, ಕಡೆಗೆ ಕಣ್ಣಿನ ಗುರುತು ತೆಗೆದು ಒಪ್ಪಿಕೊಂಡರು. ಕಾರ್ಡು ಮನೆಗೆ ಬರುತ್ತದೆ ಎಂದರು.

ಅಲ್ಲಿಂದ ಬೆಟಗೇರಿಯ ಆನ್‌ಲೈನ್ ಅಂಗಡಿಗೆ. ಅಂಗಡಿಯವನು ತಲೆ ನರೆತ ಮನುಷ್ಯ, ಒಂದು ಕೈಯಲ್ಲಿ ಚುರುಮುರಿ ತಿನ್ನುತ್ತ ಇನ್ನೊಂದು ಕೈಯಲ್ಲಿ ಒತ್ತುತ್ತಿದ್ದ. ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ ಎಲ್ಲ ಆಯಿತು. ಫೋನಿಗೆ ಬಂದ ಆರು ಅಂಕಿ ಓದಿ ಹೇಳಿದ್ದೂ ಆಯಿತು.

“ಮದುವಿ ಆಗೈತೇನ್ರಿ ಅಕ್ಕಾರ?”

“ವಿಧವೆ ಅಂತ ಹಾಕ್ರಿ.”

“ಸೈಕಲ್ ಹೊಡ್ಯಾಕ ಬರ್ತೈತೇನ್ರಿ?”

“ಬರ್ತೈತ್ರಿ,” ಎಂದಳು. ಬೇರೆಲ್ಲದಕ್ಕಿಂತ ಅದನ್ನೇ ಗಟ್ಟಿಯಾಗಿ ಹೇಳಿದಳು.

ಆಮೇಲೆ ಅವನು ಒಂದು ಬಿಳಿ ಹಾಳೆ ಕೊಟ್ಟ. “ಸಹಿ ಮಾಡ್ರಿ, ಫೋಟೋ ತಗದು ಏರಸ್ತೀನಿ. ಮಾರ್ಕ್ಸ್‌ಕಾರ್ಡಿನ ಹೆಸರ ಇರಲಿ ಮತ್ತ. ರೂಢಿ ತಪ್ಪಿದ್ರ ಮೊದಲ ನಾಕ ಸಲ ಬರದು ನೋಡ್ರಿ.”

ನಾಲ್ಕು ಸಲ ಬೇಕಾಗಲಿಲ್ಲ. ಅವಳು ಪೆನ್ನು ಹಿಡಿದು ಒಂದೇ ಎಳೆತಕ್ಕೆ ಗಿರಿಜಾ ಎಂದು ಬರೆದು, ಅಡಿಗೆ ಗೆರೆ ಎಳೆದು, ಗೆರೆಯ ಕೆಳಗೆ ಎರಡು ಚುಕ್ಕೆ ಇಟ್ಟಳು. ನಾನು ಕಡಿಮೆ ಓದಿದವಳು, ಆದರೆ ಇಪ್ಪತ್ತು ವರ್ಷ ಮುಟ್ಟದ ಕೆಲಸಕ್ಕೆ ಕೈ ಹಾಗೆ ಓಡುವುದಿಲ್ಲ ಎಂಬುದು ಗೊತ್ತು. ಎಲ್ಲೋ ಬರೆಯುತ್ತಿದ್ದಳು. ಹಿಟ್ಟಿನ ಮೇಲೋ, ಮಗಳ ಪಾಟಿಯ ಮೇಲೋ, ಬಸ್ಸಿನ ಕಿಟಕಿಯ ಧೂಳಿನ ಮೇಲೋ. ಬರೆದು ಅಳಿಸುತ್ತಿದ್ದಳು. ನನ್ನ ಮನೆಯಲ್ಲೇ.

ಅಂಗಡಿಯವನು ಮಾರ್ಕ್ಸ್ ಹಾಕುವಾಗ ಕೈ ತಡೆದ. “ಮಾರ್ಕ್ಸ್ ಛಲೋ ಅದಾವ್ರಿ ಅಕ್ಕಾರ, ಎಂಬತ್ತೇಳು ಅಂದ್ರ ಆವತ್ತಿನ ಕಾಲಕ್ಕ ಭಾಳ ಆತು. ಆದ್ರ ಈಗಿನ ಹುಡುಗರು ತೊಂಬತ್ತೇಳು, ತೊಂಬತ್ತೆಂಟು ತಗೊಂಡ ಬರ್ತಾರ. ಸುಳ್ಳ ಆಸೆ ಹಚ್ಚಂಗಿಲ್ಲ ನಾ.”

“ಗೊತ್ತೈತ್ರಿ,” ಎಂದಳು ಸೊಸೆ. “ಒತ್ರಿ.”

ಅವನು ಒತ್ತಿದ. ಬಸ್‌ಸ್ಟ್ಯಾಂಡಿನ ಕಡೆ ನಡೆದೆವು. ಹೆಸರು ಹಿಡಿದು ಒಂದು ಮಾತು ಹೇಳಬೇಕೆಂದು ಬಾಯಿಯವರೆಗೆ ಬಂತು, ಅಲ್ಲೇ ನಿಂತಿತು. “ಚುರುಮುರಿ ತಿಂತಿಯೇನ?” ಎಂದು ಕೇಳಿದೆ. “ಒಲ್ಲೆ,” ಎಂದಳು.

ಪಟ್ಟಿ ಬಂದು ಹದಿನೈದು ದಿನವಾಯಿತು. ರೇಷ್ಮಾ ತನ್ನ ಫೋನಿನಲ್ಲಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡು ಸಲ ನೋಡಿದಳು. ಕಳಸಾಪುರಕ್ಕೆ ತೊಂಬತ್ತೇಳರ ಹುಡುಗ ಬಂದಿದ್ದಾನೆ. ಇನ್ನು ಅವಳು ಅರ್ಜಿ ಹಾಕುವ ಹಾಗಿಲ್ಲ. ಎಲ್ಲ ಮುಗಿದ ಮೇಲೆ, ತಿದ್ದಿದ ಹೆಸರಿನ ಕಾರ್ಡು ಲಕೋಟೆಯಲ್ಲಿ ಬಂದಿದೆ. ಅದಕ್ಕೇ ಆ ಹುಡುಗಿ ನಗಲಿಲ್ಲ.

ಅಂದು ಮಧ್ಯಾಹ್ನ ಬಸ್ಸಿಳಿದು ಬಂದ ಸೊಸೆಗೆ ಲಕೋಟೆ ಕೊಟ್ಟೆ. ಹರಿದು, ನೋಡಿ, ಟ್ರಂಕಿನಲ್ಲಿ ಮಾರ್ಕ್ಸ್‌ಕಾರ್ಡಿನ ಕೆಳಗಿಟ್ಟಳು. ಡಾಂಬರ ಗುಳಿಗೆಯ ವಾಸನೆ ಮನೆಯೆಲ್ಲ ಹರಡಿತು. “ಚಹಾ ಮಾಡ್ಲೇನ್ರಿ ಅತ್ತೀ?” ಎಂದಳು.

ಮರುದಿನ ಬೆಳಿಗ್ಗೆ ಅವಳು ಹೋದ ಮೇಲೆ ನೋಡುತ್ತೇನೆ, ಬುತ್ತಿ ಒಲೆಯ ಕಟ್ಟೆಯ ಮೇಲೆಯೇ ಇದೆ. ಎತ್ತಿಕೊಂಡು ಹೊರಗೆ ಬಂದೆ. ಅವಳಾಗಲೇ ಓಣಿಯ ತಿರುವಿನಲ್ಲಿದ್ದಳು. ನನ್ನ ಮೊಣಕಾಲಿಗೆ ಓಡುವ ಶಕ್ತಿಯಿಲ್ಲ. ಭಾಗ್ಯಾ ಎಂದು ಕೂಗಲು ಬಾಯಿ ತೆರೆದೆ.

“ಗಿರಿಜಾ!”

ಎದುರು ಮನೆಯ ಕಟ್ಟೆಯಲ್ಲಿ ಹಲ್ಲುಜ್ಜುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಸತ್ತ ಅತ್ತೆ ಎದ್ದು ಬರಲಿಲ್ಲ. ನಾಲಿಗೆಯೂ ಬಿದ್ದು ಹೋಗಲಿಲ್ಲ. ನನ್ನ ಹಾಗೆ ಅವಳೂ ತಿರುಗಿ ನೋಡಲಿಕ್ಕಿಲ್ಲ, ಎರಡನೆಯ ಸಲ ಕೂಗಬೇಕಾದೀತು ಎಂದುಕೊಂಡಿದ್ದೆ.

ಒಂದೇ ಕೂಗಿಗೆ ತಿರುಗಿದಳು.

ಬಂದಳು. ಬುತ್ತಿ ಕೈಗೆ ಕೊಟ್ಟೆ. ತೆಗೆದುಕೊಂಡಳು. ನನ್ನ ಮುಖ ನೋಡಿ ಏನೋ ಹೇಳುತ್ತಾಳೆಂದು ನಿಂತೆ.

“ನಾಕ ವರ್ಷ ತಡಾ ಆತ್ರಿ ಅತ್ತೀ,” ಎಂದಳು, ಬಸ್ಸಿನ ಸಪ್ಪಳ ಕೇಳಿ ಓಡಿದಳು.