ಇಲ್ಲಿನ ಜ್ವರ

ತುಟಿಗಳ ನಡುವೆ ಎರಡು ಮೊಳೆ ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು. ಕೈಯಲ್ಲಿ ಸುತ್ತಿಗೆ ಇರುತ್ತಿರಲಿಲ್ಲ. ಗ್ರಾನೈಟ್ ಫ್ಯಾಕ್ಟರಿಯ ಹಿಂದೆ ಬಿದ್ದಿರುವ ಪಾಲಿಶ್ ಕಲ್ಲಿನ ಒಂದು ತುಂಡು, ಅಷ್ಟೇ. ಸೆರಗನ್ನು ಸೊಂಟಕ್ಕೆ ಬಿಗಿದು, ಯಾರದೋ ಮನೆಯ ಅಕ್ಕಿ ಡಬ್ಬದ ಮೇಲೆ ಹತ್ತಿ ನಿಂತು, ಸೂರಿನ ಮರದ ಪಟ್ಟಿಗೆ ಮೊಳೆ ಹೊಡೆಯುವರು. ನಾಲ್ಕು ಮೂಲೆಗೂ ದಾರ ಕಟ್ಟಿ ಸೊಳ್ಳೆ ಪರದೆ ಇಳಿಬಿಟ್ಟ ಮೇಲೆ ತಾವೇ ಒಳಗೆ ನುಸುಳಿ ಅಂಗಾತ ಮಲಗಿ ಕೈಕಾಲು ಚಾಚಿ ನೋಡುವರು. ಕಾಲು ಪರದೆಗೆ ತಾಗಿತೋ, ಮೊಳೆ ಕಿತ್ತು ಮತ್ತೆ ಮೊದಲಿನಿಂದ ಶುರು.

"ಕಾಲು ತಾಗುಸ್ಕಂಡು ಮಲಗುದ್ರೆ ಸೊಳ್ಳೆ ಆಚೆ ಕುಂತ್ಕಂಡೇ ಊಟ ಮಾಡ್ಕಂಡ್ ಓಯ್ತದೆ" ಎನ್ನುವರು.

ನಾನು ಅವರನ್ನು ಆಶಾ ಅಕ್ಕ ಎನ್ನುತ್ತಿದ್ದೆ. ಅದು ಅವರ ಹೆಸರಲ್ಲ, ಅವರ ಕೆಲಸ. ಜಿಗಣಿಯ ಅಂಚಿನ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ. ಹುಟ್ಟಿದ್ದು ಅದೇ ಊರಲ್ಲಿ, ಸೋದರಮಾವನನ್ನು ಮದುವೆಯಾಗಿ ನಾಲ್ಕು ಮನೆ ಆಚೆಗೆ ಹೋಗಿದ್ದು, ಅಷ್ಟೇ ಅವರ ಪ್ರಯಾಣ. ರಾಗಿ ಬೆಳೆಯುತ್ತಿದ್ದ ಅವರ ಕುಟುಂಬದ ಹೊಲದಲ್ಲಿ ಈಗ ಭಾವ, ಅಂದರೆ ಗಂಡನ ಅಣ್ಣ, ಕಟ್ಟಿಸಿದ ಶೀಟ್ ಮನೆಗಳ ಉದ್ದನೆಯ ಸಾಲು. ಒಡಿಶಾ, ಜಾರ್ಖಂಡ್, ರಾಯಚೂರು, ಎಲ್ಲ ಕಡೆಯ ಕಲ್ಲು ಕೆಲಸದವರು ಅಲ್ಲಿ ಬಾಡಿಗೆಗಿದ್ದಾರೆ. ಸಾಲಿನ ಕೊನೆಗೆ ಮುಚ್ಚಳವಿಲ್ಲದ ಒಂದು ನೀರಿನ ಸಂಪು.

ನಾನು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಲ್ಯಾಬ್ ಟೆಕ್ನಿಷಿಯನ್. ದಾವಣಗೆರೆ ಕಡೆಯವಳು, ಗಂಡನ ಕೆಲಸದ ದೆಸೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಒಂದು ಅಪಾರ್ಟ್‌ಮೆಂಟಿಗೆ ಬಂದು ಬಿದ್ದವಳು. ಜ್ವರ ಬಂದವರ ಬೆರಳು ಚುಚ್ಚಿ ಅಕ್ಕ ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ ತರುವರು. ಸೂಕ್ಷ್ಮದರ್ಶಕದಲ್ಲಿ ಮಲೇರಿಯಾದ ಕ್ರಿಮಿ ಇದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಹೊಸದರಲ್ಲಿ ಒಂದು ಸಂಜೆ ಅವರ ಜೊತೆ ಪರದೆ ಕಟ್ಟಲು ಹೋಗಿ ಮೊಳೆ ಬದಲು ಹೆಬ್ಬೆರಳನ್ನು ಜಜ್ಜಿಕೊಂಡೆ. "ರೊಟ್ಟಿ ತಟ್ಟೋ ಕಡೆಯೋಳು ಅಂತೀಯ, ಒಂದ್ ಮೊಳೆ ಒಡಿಯಕ್ ಬರಲ್ವಲ್ಲ ತಾಯಿ!" ಎಂದು ವಾರಗಟ್ಟಲೆ ಆಡಿಕೊಂಡರು.

ಅವರ ಹಿಂದಿ ಕೇಳಬೇಕಿತ್ತು. ಕೊಟ್ಟ ಪರದೆಯನ್ನು ಒಬ್ಬ ಬಚ್ಚಲಿಗೆ ಅಡ್ಡ ಕಟ್ಟಿದ್ದ, ಇನ್ನೊಬ್ಬ ಕೋಳಿಮರಿಗಳ ಮೇಲೆ ಮುಚ್ಚಿದ್ದ. ಅಕ್ಕ ಅವನನ್ನು ಹಿಡಿದು ನಿಲ್ಲಿಸಿ, "ಭಯ್ಯಾ, ಕೋಳಿ ಅಂದರ್, ಬಚ್ಚಾ ಬಾಹರ್? ಉಲ್ಟಾ! ಉಲ್ಟಾ!" ಎಂದು ಕೂಗಾಡಿದರು. ಸಾಲಿನವರೆಲ್ಲ ನಕ್ಕರು. ಅವನು ನಾಚಿ ಅಲ್ಲೇ ಪರದೆ ಬಿಚ್ಚಿ ಒಳಗೆ ಕಟ್ಟಿದ. ಮರುವಾರ ಅಕ್ಕ ಹೇಳದೆ ಕೇಳದೆ ಹೋಗಿ ಬಗ್ಗಿ ನೋಡಿ ಬಂದರು. ಮಕ್ಕಳು ಪರದೆಯೊಳಗೇ ಇದ್ದರಂತೆ.

ಆದರೆ ಪರದೆ ಎಷ್ಟಿದ್ದವು? ಒಂದು ವರ್ಷ ಯಾವುದೋ ಕಂಪನಿಯವರು ಒಂದು ಮೂಟೆ ತಂದು ಹಂಚಿ ಫೋಟೊ ತೆಗೆಸಿಕೊಂಡು ಹೋದರು. ಎಲ್ಲ ಒಬ್ಬರು ಮಲಗುವ ಅಳತೆಯವು. ಅಕ್ಕ ಎರಡೆರಡು ಬಿಚ್ಚಿ ಕೂಡಿಸಿ ಹೊಲಿದು, ಗಂಡ ಹೆಂಡತಿ ಮಕ್ಕಳೆಲ್ಲ ಹಿಡಿಯುವಂತೆ ಮಾಡಿದರು. ಮರುವರ್ಷವೂ ಬರುತ್ತಾರೆಂದು ಕಾದರೆ, ಅದೇ ಕಂಪನಿಯವರು ಬಂದು ಸಸಿ ಹಂಚಿದರು. ಸರ್ಕಾರದ ಔಷಧಿ ಹಾಕಿದ ಪರದೆ ಮಲೇರಿಯಾ ಇರುವ ಊರುಗಳಿಗೆ ಮಾತ್ರ ಹೋಗುತ್ತದೆ. ನಮ್ಮ ಊರಲ್ಲಿ ಮಲೇರಿಯಾ ಇರಲಿಲ್ಲ. ಅಂದರೆ, ಕಾಗದದಲ್ಲಿ ಇರಲಿಲ್ಲ.

ಅದು ಹೇಗೆಂದರೆ, ಕ್ರಿಮಿ ಸಿಕ್ಕ ಪ್ರತಿ ರೋಗಿಯ ಎದುರಿಗೂ ರಿಜಿಸ್ಟರಿನಲ್ಲಿ ಒಂದು ಮಾತು ಬರೆಯಬೇಕು: ಜ್ವರ ಇಲ್ಲಿನದೋ, ಹೊರಗಿನದೋ. ರೋಗಿ ಬೇರೆ ಊರಿಂದ ತಂದಿದ್ದರೆ ಹೊರಗಿನದು. ಇಲ್ಲಿನ ಸೊಳ್ಳೆಯೇ ಕಚ್ಚಿದ್ದರೆ ಇಲ್ಲಿನದು. ಇಲ್ಲಿನದು ಎಂದು ಒಂದೇ ಒಂದು ಬರೆದರೂ ಮೇಲಿನಿಂದ ತಂಡ ಬರಬೇಕು, ಮನೆಮನೆಯ ರಕ್ತ ನೋಡಬೇಕು, ಸಂಪಿನ ಮಾಲೀಕನಿಗೆ ನೋಟಿಸ್ ಕೊಡಬೇಕು, ಪರದೆ ಕೇಳಿ ಬರೆಯಬೇಕು. ಯಾರಿಗೆ ಬೇಕು ಆ ತಲೆನೋವು? ನನ್ನ ಹಿಂದಿನವರು ಹೊರಗಿನದು ಎಂದು ಬರೆಯುತ್ತ ಬಂದಿದ್ದರು. ನಾನೂ ಬರೆದೆ.

ಆಮೇಲೆ ಆ ಒಡಿಶಾದ ಹುಡುಗಿ ಬಂದಳು. ಆರು ತಿಂಗಳ ಬಸುರಿ, ಗಂಡ ಕಲ್ಲು ಪಾಲಿಶ್ ಮಾಡುವವನು. ಅವಳ ಸ್ಲೈಡ್ ನೋಡಿದೆ. ಉಂಗುರ ಉಂಗುರವಾಗಿ ಕ್ರಿಮಿ ತುಂಬಿತ್ತು. ಅಕ್ಕ ನನ್ನ ಮೇಜಿನ ಎದುರು ಬಂದು ನಿಂತರು.

"ಈ ಉಡುಗಿ ಮೂರು ವರ್ಷದಿಂದ ಊರ್ಗೇ ಓಗಿಲ್ಲ ತಾಯಿ. ಬಸ್ಸೇ ಅತ್ತಿಲ್ಲ. ಇದು ಇಲ್ಲಿನ್ ಜ್ವರ. ಅಂಗೇ ಬರಿ."

"ಅಂಗೆ ಬರೆದ್ರೆ ನಿಮ್ಮ ಭಾವನ ಮೇಲೇ ಬರುತ್ತಲ್ಲ ಅಕ್ಕಾ."

"ಬರ್ಲಿ. ಮೊದ್ಲು ಆ ಸಂಪೇ ನೋಡ್ಲಿ. ಮುಚ್ಚಳ ಆಕ್ಸಿ, ಆಕ್ಸಿ ಅಂತ ಏಳಿ ನನ್ ಬಾಯ್ ಒಣಗೋಗದೆ. ಮಳೆಗಾಲಕ್ ಮುಂಚೆ ಎಲ್ಲಾರ್ ಮನೆಗೂ ಪರದೆ ಬಂದ್ರೆ ಸಾಕು ನಂಗೆ."

ನಾನು ಬರೆಯುವ ಮುಂಚೆ ಮೇಲಿನವರಿಗೆ ಫೋನ್ ಮಾಡಿದೆ. ಅದೇ ನಾನು ಮಾಡಿದ ತಪ್ಪು. ಬರೆದು ಆಮೇಲೆ ಮಾಡಬೇಕಿತ್ತು. "ಒಡಿಶಾದೋರು ತಾನೇ ಮೇಡಂ? ಹೊರಗಿಂದು ಅಂತ ಹಾಕಿ. ಇದರಲ್ಲಿ ಕೇಳೋದೇನಿದೆ?" ಎಂದರು. ನನ್ನದು ಗುತ್ತಿಗೆಯ ನೌಕರಿ, ವರ್ಷ ವರ್ಷ ಮುಂದುವರಿಸಬೇಕು. ಬರೆದೆ. ಅಕ್ಕ ಆ ಕಡೆಯಿಂದಲೇ ತಲೆಕೆಳಗಾಗಿ ಓದಿದರು.

"ಸರಿ ಬಿಡು ತಾಯಿ. ನಿನ್ಗೂ ಒಟ್ಟೆ ಅದೆ."

ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಬೈಯಲಿಲ್ಲ. ಹದಿನೈದು ದಿನ ಬಿಟ್ಟು ಸ್ಲೈಡ್ ಕೊಡಲು ಬಂದಾಗ ಬಾಗಿಲಲ್ಲೇ ನಿಂತರು. ಹುಡುಗಿಯ ಜ್ವರ ಇಳಿದಿತ್ತು, ಆದರೆ ಮಗು ಹೊಟ್ಟೆಯಲ್ಲೇ ಹೋಗಿತ್ತು. ಹೆಣ್ಣಂತೆ. "ಅದು ಯಾವೂರಿಂದ ಬಂದಿತ್ತು ತಾಯಿ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಹೊರಟುಹೋದರು. ನಾನು ಅವತ್ತು ಊಟದ ಡಬ್ಬಿ ತೆರೆಯಲಿಲ್ಲ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಆಮೇಲೂ ಅವರು ನನ್ನ ಜೊತೆ ಮಾತು ಬಿಡಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ತಂದುಕೊಟ್ಟರು. ಹರಿದ ಪರದೆಗಳನ್ನು ಕೇಂದ್ರದ ಬೆಂಚಿನ ಮೇಲೆ ಕೂತು ಹೊಲಿಯುವರು, ತೂತಿಗೆ ತೇಪೆ, ತೇಪೆಗೆ ಇನ್ನೊಂದು ತೇಪೆ. ಅವರ ಸ್ವಂತ ಮನೆಯಲ್ಲಿ ಒಂದು ಪರದೆ ಇದೆಯೇ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅಕ್ಕ ನಾಲ್ಕು ದಿನ ಕಾಣಲಿಲ್ಲ. ನೆಂಟರ ಮನೆಗೆ ಹೋಗಿರಬಹುದು ಅಂದುಕೊಂಡೆ, ನೆಂಟರೆಲ್ಲ ಅದೇ ಊರಲ್ಲಿದ್ದಾರೆ ಎಂಬುದು ಗೊತ್ತಿದ್ದೂ. ಐದನೆಯ ದಿನ ಅವರ ಮಗ ಬಂದ. ಜ್ವರ ಬಂದ ಕೂಡಲೇ ಮನೆಯವರು ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ಅಲ್ಲಿ ಡೆಂಗೆ ಇರಬೇಕೆಂದು ಬರೀ ಗ್ಲುಕೋಸ್ ಹಾಕುತ್ತಿದ್ದರು. "ಅಮ್ಮ ನಿಮ್ಮತ್ರಾನೇ ತೋರ್ಸು ಅಂತ ಬಡ್ಕೋತಾ ಅವ್ರೆ ಮೇಡಂ" ಎಂದು ಒಂದು ಸ್ಲೈಡ್ ಮುಂದಿಟ್ಟ. ಮಲಗಿದ್ದಲ್ಲೇ ಅಕ್ಕ ತಾವೇ ಬೆರಳು ಚುಚ್ಚಿಕೊಂಡು ಸವರಿದ್ದರಂತೆ. ಊರವರ ನೂರಾರು ಸ್ಲೈಡ್ ತಂದವರು, ಅಷ್ಟು ಅಂಕುಡೊಂಕಾಗಿ ಸವರಿದ್ದು ಅದೊಂದನ್ನೇ.

ಕ್ರಿಮಿ ಇತ್ತು, ಕೆಟ್ಟ ಜಾತಿಯದು. ಆವತ್ತೇ ದೊಡ್ಡಾಸ್ಪತ್ರೆಗೆ ಸಾಗಿಸಿದರು, ಔಷಧಿ ಶುರುವಾಯಿತು, ಅಷ್ಟರಲ್ಲಿ ಮೂತ್ರಪಿಂಡ ನಿಂತಿತ್ತು. ನಾನು ನೋಡಲು ಹೋದಾಗ ಅವರಿಗೆ ಗುರುತು ಸಿಗಲಿಲ್ಲ. ಮೂರನೆಯ ದಿನ ಹೋದರು.

ಈ ಸಲ ನಾನು ಯಾರಿಗೂ ಫೋನ್ ಮಾಡಲಿಲ್ಲ. ರಿಜಿಸ್ಟರ್ ತೆಗೆದು ಅಕ್ಕನ ಹೆಸರಿನ ಎದುರು ದೊಡ್ಡ ಅಕ್ಷರದಲ್ಲಿ "ಇಲ್ಲಿನದು" ಎಂದು ಬರೆದೆ. ಹುಟ್ಟಿದ ಊರು ಬಿಟ್ಟು ಎಲ್ಲೂ ನೆಲೆಸದ ಹೆಂಗಸು. ಇದನ್ನು ಯಾರು ಅಲ್ಲಗಳೆಯುತ್ತಾರೆ ನೋಡೋಣ ಎಂಬ ಹಟ. ಅವರ ಸಾವಿನಿಂದಾದರೂ ಆ ಸಾಲಿಗೆ ಪರದೆ ಬರುತ್ತದೆ ಎಂದು ನಿಜವಾಗಿಯೂ ನಂಬಿದ್ದೆ.

ವಾರದೊಳಗೆ ಫೋನ್ ಬಂತು. "ಪೇಷೆಂಟ್ ಹೋದ ತಿಂಗಳು ಮಾದಪ್ಪನ ಬೆಟ್ಟಕ್ಕೆ ಹೋಗಿದ್ರಂತಲ್ಲ ಮೇಡಂ? ಮೊಮ್ಮಗನ ಮುಡಿ ತೆಗೆಸೋಕೆ. ಅವರ ಭಾವನೇ ಹೇಳಿದ್ರು. ಅದು ಕಾಡು. ತಿದ್ದಿ ಕಳಿಸಿ."

"ಒಂದು ರಾತ್ರಿ ಇದ್ದು ಬಂದಿದ್ದು ಸಾರ್."

"ಸೊಳ್ಳೆ ಕಚ್ಚೋಕೆ ಒಂದು ವಾರ ಬೇಕಾ?"

ಎರಡು ದಿನ ತಿದ್ದಲಿಲ್ಲ. ಮೂರನೆಯ ದಿನ ಜೀಪಿನಲ್ಲಿ ಒಬ್ಬರು ಬಂದು ಎದುರಿಗೇ ಕೂತರು. ನಾನು ಗೆರೆ ಎಳೆದು, "ಹೊರಗಿನದು" ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದೆ.

ಈಗ ಮತ್ತೆ ಮಳೆ ಹಿಡಿದಿದೆ. ಒಡಿಶಾದ ಆ ಹುಡುಗಿಗೆ ಮತ್ತೆ ಐದು ತಿಂಗಳು. ಕಳೆದ ವಾರ ಅಂಗಡಿಯಿಂದ ಒಂದು ಪರದೆ ಕೊಂಡು ಅವಳಿಗೆ ಕೊಟ್ಟು ಬರಲು ಹೋದೆ. ನಾನು ಅವಳ ಬಾಗಿಲಿಂದ ಹೊರಗೆ ಬರುವಷ್ಟರಲ್ಲಿ ಸಾಲಿನ ಎಲ್ಲ ಬಾಗಿಲಲ್ಲೂ ಹೆಂಗಸರು ನಿಂತಿದ್ದರು, ಕಂಕುಳಲ್ಲಿ ಮಕ್ಕಳು.

"ನಮಗೆ ಸರ್ಕಾರದ್ದು ಯಾವಾಗ ಬತ್ತದೆ ಮೇಡಂ?" ಎಂದಳು ರಾಯಚೂರಿನವಳೊಬ್ಬಳು. ಅಕ್ಕನ ಬಾಯಿಂದಲೇ ಕಲಿತ ಮಾತು ಅದು.

"ನೋಡೋಣ" ಎಂದೆ. ಬರುವುದಿಲ್ಲ ಎಂದು ಗೊತ್ತಿತ್ತು. ಯಾಕೆ ಬರುವುದಿಲ್ಲ ಎಂಬುದು ನನ್ನದೇ ಕೈಬರಹದಲ್ಲಿದೆ.